ಇನ್ನರ್ಧ ಮುಖ ಎಲ್ಲಿ?

ಕರ್ನಾಟಕದಲ್ಲಿ ಒಳ್ಳೆಯ ಕ್ಯಾಮೆರಾ ಕೊಂಡವನು ಮೊದಲು ಹೋಗುವುದು ಹಕ್ಕಿಯ ಹಿಂದೆ. ಅದಕ್ಕೆ ಪರಂಪರೆಯ ಒತ್ತಾಸೆಯೂ ಇದೆ ಅನ್ನಿ. ಒ.ಸಿ. ಎಡ್ವರ್ಡ್ಸ್, ಅವರ ಗರಡಿಯಲ್ಲಿ ಪಳಗಿದ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಇವರೆಲ್ಲ ಬೆಂಗಳೂರಿನಲ್ಲಿದ್ದುಕೊಂಡೇ ವನ್ಯಜೀವಿ ಛಾಯಾಗ್ರಹಣವನ್ನು ತಪಸ್ಸಿನ ಮಟ್ಟಕ್ಕೆ ಒಯ್ದವರು. ಸಂಡೂರಿನ ಎಂ.ವೈ. ಘೋರ್ಪಡೆಯವರು ರಾಜ್ಯದ ಹಣಕಾಸು ಸಚಿವರಾಗಿದ್ದವರು. ಕಾಡುಪ್ರಾಣಿಗಳ ಕಪ್ಪು-ಬಿಳುಪು ಚಿತ್ರಗಳಿಗೆ ಹೊರದೇಶಗಳಲ್ಲೂ ಹೆಸರಾದರು. ಹೀಗಾಗಿ ನಮ್ಮಲ್ಲಿ ಮನೆಸಾಲ ತೀರಿದ, ಮಕ್ಕಳು ದಡ ಸೇರಿದ ಗಂಡಸಿಗೆ ಭಾನುವಾರ ಬೆಳಗ್ಗೆ ಹಸಿರು ಅಂಗಿ ತೊಟ್ಟು, ಮೊಳದುದ್ದದ ಲೆನ್ಸ್ ಹೊತ್ತು, ಕೆರೆ ಏರಿಯ ಮೇಲೆ ಉಸಿರು ಬಿಗಿಹಿಡಿದು ಮಲಗುವ ಹಕ್ಕು ತಾನಾಗಿ ಪ್ರಾಪ್ತವಾಗುತ್ತದೆ.

ನಾನೂ ಮಲಗಿದೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ಮಂಡಗದ್ದೆ ಸಿಗುತ್ತದೆ. ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ನಾನು ಗುರಿ ಹಿಡಿದು ಬಟನ್ ಒತ್ತುವಷ್ಟರಲ್ಲಿ ಹಕ್ಕಿ ಚೌಕಟ್ಟಿನಾಚೆ ಹೋಗಿಬಿಡುತ್ತಿತ್ತು. ಹಾಗಾಗಿ ಮಂಡಗದ್ದೆಯ ಮರದ ಕೊಂಬೆಗಳ ಅತ್ಯುತ್ತಮ ಸಂಗ್ರಹವೊಂದು ಈಗಲೂ ನನ್ನ ಬಳಿ ಇದೆ.

ಆಗ ನನಗೆ ಹೊಳೆದದ್ದು ಮನುಷ್ಯ. ಹಕ್ಕಿ ಹಾರುತ್ತದೆ, ಮನುಷ್ಯ ಕುರ್ಚಿಯ ಮೇಲೆ ಕೂರುತ್ತಾನೆ. ಕಾಫಿ ಕೊಟ್ಟರೆ ಇನ್ನೂ ಸ್ವಲ್ಪ ಹೊತ್ತು ಕೂರುತ್ತಾನೆ. ಭಾವಚಿತ್ರವೇ ನನ್ನ ಕ್ಷೇತ್ರ ಎಂದು ನಿರ್ಧರಿಸಿದೆ. ಬ್ಯಾಂಕಿನ ಸ್ವಯಂನಿವೃತ್ತಿಯ ದುಡ್ಡು ಆಗಷ್ಟೇ ಕೈಗೆ ಬಂದಿತ್ತು. ವರ್ಷಗಟ್ಟಲೆ ಸಾಲದ ಅರ್ಜಿಗೆ ಅಂಟಿಸಿದ ಫೋಟೋ ನೋಡಿಯೇ ಇವನು ಕಂತು ಕಟ್ಟುತ್ತಾನೋ ಇಲ್ಲವೋ ಎಂದು ಅಳೆದವನು ನಾನು. ನನಗೆ ಮುಖ ಓದಲು ಬರುವುದಿಲ್ಲವೆ? (ಆ ಸಾಲಗಳ ಗತಿ ಏನಾಯಿತು ಎಂಬುದು ಬೇರೆಯೇ ಲೇಖನದ ವಸ್ತು.) ಸಾಲದ್ದಕ್ಕೆ ಮೈಸೂರಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡುತ್ತ ಬೆಳೆದ ಪೀಳಿಗೆ ನನ್ನದು. ಮಕ್ಕಳು, ಮುದುಕರು, ಬೀದಿಯ ಜನ. ಯಾರನ್ನೂ ಬೇಕೆಂದು ಕೂರಿಸಿದ ಕುರುಹಿಲ್ಲ. ಇದನ್ನು ಯಾರು ಬೇಕಾದರೂ ತೆಗೆಯಬಹುದು ಅನ್ನಿಸುವ ಚಿತ್ರಗಳು. ಹಾಗನ್ನಿಸುವಂತೆ ತೆಗೆಯುವುದೇ ಅವರ ವಿದ್ಯೆ ಎಂದು ನನಗೆ ತಿಳಿಯುವ ಹೊತ್ತಿಗೆ ಭವಿಷ್ಯನಿಧಿ ಅರ್ಧ ಕರಗಿತ್ತು.

ಹಕ್ಕಿಯ ಇನ್ನೊಂದು ಸದ್ಗುಣವೂ ಆಗ ಲೆಕ್ಕಕ್ಕೆ ಬರಲಿಲ್ಲ. ಯಾವ ಮಿಂಚುಳ್ಳಿಯೂ ಹತ್ತಿರ ಬಂದು “ಎಲ್ಲಿ, ತೋರ್ಸಿ ನೋಡೋಣ” ಎನ್ನುವುದಿಲ್ಲ. “ಕೊಕ್ಕು ಯಾಕೆ ಇಷ್ಟು ಉದ್ದ ಬಂದಿದೆ? ನಮ್ಮನೇಲಿ ಯಾರಿಗೂ ಹೀಗಿಲ್ಲ” ಎಂದು ಕೇಳುವುದಿಲ್ಲ.

ಮನೆಯ ಮುಂದಿನ ಸ್ಕೂಟರ್ ಶೆಡ್ಡನ್ನು ಸ್ಟುಡಿಯೋ ಮಾಡಲು ಹೊರಟಾಗ ಮನೆಯಲ್ಲಿ ವಿರೋಧ ಬಂತು. ನಾನು ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಕಥೆ ಹೇಳಿದೆ. 1815ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಹೆಂಗಸು. ಮಗಳು ಉಡುಗೊರೆಯಾಗಿ ಕ್ಯಾಮೆರಾ ಕೊಟ್ಟಾಗ ವಯಸ್ಸು 48. ಇಂಗ್ಲೆಂಡಿನ ಮನೆಯ ಕೋಳಿಗೂಡನ್ನು ಸ್ಟುಡಿಯೋ ಮಾಡಿಕೊಂಡಳು, ಕಲ್ಲಿದ್ದಲಿನ ಕೋಣೆಯನ್ನು ಡಾರ್ಕ್ ರೂಮ್ ಮಾಡಿಕೊಂಡಳು; ಕವಿ ಟೆನಿಸನ್, ವಿಜ್ಞಾನಿ ಹರ್ಷೆಲ್, ಕೊನೆಗೆ ಡಾರ್ವಿನ್‌ವರೆಗೆ ಎಲ್ಲರನ್ನೂ ಹಿಡಿದು ಕೂರಿಸಿದಳು. ಫೋಕಸ್ ಸರಿಯಿಲ್ಲ ಎಂದು ಅಂದಿನ ಪಂಡಿತರು ಆಡಿಕೊಂಡರು. ಇಂದು ಆ ಮಸುಕು ಚಿತ್ರಗಳೇ ವಸ್ತುಸಂಗ್ರಹಾಲಯಗಳಲ್ಲಿ ತೂಗುತ್ತಿವೆ. “ಕೋಳಿಗೂಡಿನಲ್ಲೇ ಅಷ್ಟಾದರೆ ಸ್ಕೂಟರ್ ಶೆಡ್ಡಿನಲ್ಲಿ ಎಷ್ಟಾಗಬೇಡ?” ಎಂದು ಮಾತು ಮುಗಿಸಿದೆ.

ನನ್ನ ಹೆಂಡತಿ ಸುಮ್ಮನಿದ್ದಳು. ಅವಳು ಪ್ರೌಢಶಾಲೆಯ ಗಣಿತ ಶಿಕ್ಷಕಿ; ಯಾವ ಕಥೆ ಹೇಳಿದರೂ ಆಮೇಲೆ ತಾನೇ ಹುಡುಕಿ ಓದಿ, ಅದರಲ್ಲಿ ದುಡ್ಡಿಗೆ ಸಂಬಂಧಿಸಿದ ಸಾಲನ್ನು ಮಾತ್ರ ಎತ್ತಿಟ್ಟುಕೊಳ್ಳುತ್ತಾಳೆ. ಮರುದಿನ ತಿಂಡಿಯ ಹೊತ್ತಿಗೆ ಉತ್ತರ ಬಂತು: “ಅವಳ ಗಂಡನಿಗೆ ಸಿಲೋನಿನಲ್ಲಿ ಕಾಫಿ ತೋಟ ಇತ್ತಂತಲ್ಲ. ನಿಮ್ದು ಎಷ್ಟು ಎಕರೆ?”

ಆದರೂ ಶೆಡ್ ಖಾಲಿಯಾಯಿತು. ಬೂದು ಬಣ್ಣದ ಪರದೆ ಬಂತು, ಸಾಫ್ಟ್‌ಬಾಕ್ಸ್ ಬಂತು, ಎದುರಿನಿಂದ ಬೆಳಕು ಹಿಂತಿರುಗಿಸಲು ಥರ್ಮಕೋಲ್ ಹಾಳೆ ಬಂತು, 85 ಮಿಲಿಮೀಟರಿನ ಲೆನ್ಸ್ ಬಂತು. ಮುಖಕ್ಕೆ ಇದೇ ಲೆನ್ಸ್ ಯಾಕೆಂದರೆ, ಇದರಲ್ಲಿ ಮುಖ ಚೌಕಟ್ಟು ತುಂಬಬೇಕಾದರೆ ನಾವು ನಾಲ್ಕು ಹೆಜ್ಜೆ ಹಿಂದೆ ನಿಲ್ಲಬೇಕು. ಅಗಲದ ಲೆನ್ಸ್ ಹಿಡಿದು ಹತ್ತಿರ ಹೋದರೆ ಕ್ಯಾಮೆರಾಗೆ ಮೂಗು ಹತ್ತಿರ, ಕಿವಿ ದೂರ. ಮೂಗು ಊದುತ್ತದೆ, ಕಿವಿ ಹಿಂದೆ ಸರಿದು ಮಾಯವಾಗುತ್ತದೆ. ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ, ಭಾವಮೈದುನನ ಮಗನ ನಾಮಕರಣದಿಂದ ತಿಳಿದದ್ದು. ಆ ಆಲ್ಬಂ ನೋಡಿದ ಮೇಲೆ ಮಗುವಿನ ಮೂಗು ಯಾರ ಕಡೆಯದು ಎಂದು ಎರಡು ಮನೆತನಗಳ ನಡುವೆ ಎದ್ದ ಮಾತು ಇನ್ನೂ ಪೂರ್ತಿ ಆರಿಲ್ಲ.

ಗೇಟಿಗೆ ‘ಫೈನ್ ಆರ್ಟ್ ಪೋರ್ಟ್ರೇಟ್ ಸ್ಟುಡಿಯೋ’ ಎಂದು ಬೋರ್ಡ್ ಹಾಕಿದೆ. ನಮ್ಮ ಮನೆ ಇರುವುದು ತಾಲ್ಲೂಕು ಕಚೇರಿಗೆ ಹೋಗುವ ದಾರಿಯಲ್ಲಿ. ಮೊದಲ ಗಿರಾಕಿ ಬೋರ್ಡನ್ನು ಪೂರ್ತಿ ಓದಿ ಒಳಗೆ ಬಂದು, “ಜೆರಾಕ್ಸ್ ಇದೆಯಾ?” ಎಂದರು. ಇಲ್ಲ ಎಂದೆ. “ಲ್ಯಾಮಿನೇಷನ್?” ಅದೂ ಇಲ್ಲ. ಅವರು ಪರದೆ, ದೀಪ, ಛತ್ರಿ ಎಲ್ಲವನ್ನೂ ಒಮ್ಮೆ ನೋಡಿ, “ಮತ್ತೆ ಇದೆಲ್ಲ ಯಾತಕ್ಕೆ?” ಎಂದು ಕೇಳಿ ಹೋದರು. ಇವತ್ತಿಗೂ ನನ್ನ ಬಳಿ ಅದಕ್ಕೆ ಸರಿಯಾದ ಉತ್ತರವಿಲ್ಲ.

ಗಿರಾಕಿಗಳು ಬಾರದಿದ್ದಾಗ ಬಂಧುಗಳ ಮೇಲೆ ಪ್ರಯೋಗ ಮಾಡುವುದು ವೈದ್ಯರಿಂದ ಹಿಡಿದು ಜ್ಯೋತಿಷಿಗಳವರೆಗೆ ಎಲ್ಲರೂ ಹಿಡಿದ ದಾರಿ. ಮೊದಲು ಸಿಕ್ಕಿದ್ದು ಅತ್ತಿಗೆ. ಮೈಸೂರು ಸಿಲ್ಕ್ ಉಟ್ಟು, ಮಲ್ಲಿಗೆ ಮುಡಿದು, ಬೀರುವಿನಿಂದ ಅವಲಕ್ಕಿ ಸರ ತೆಗೆಸಿ ಹಾಕಿಕೊಂಡು ಬಂದರು. ನಾನು ರೆಂಬ್ರಾಂಟ್ ಬೆಳಕನ್ನು ಆರಿಸಿಕೊಂಡೆ. ದೀಪವನ್ನು ಒಂದು ಪಕ್ಕಕ್ಕೆ, ಕಣ್ಣಿಗಿಂತ ಎತ್ತರದಲ್ಲಿ ಇಟ್ಟರೆ ಮುಖದ ಒಂದು ಭಾಗ ಬೆಳಗುತ್ತದೆ. ಇನ್ನೊಂದು ಭಾಗ ನೆರಳಿಗೆ ಸರಿದು, ಕಣ್ಣಿನ ಕೆಳಗೆ ಕೆನ್ನೆಯ ಮೇಲೆ ಬೆಳಕಿನ ಒಂದು ಪುಟ್ಟ ತ್ರಿಕೋನ ಮಾತ್ರ ಉಳಿಯುತ್ತದೆ. ಆ ತ್ರಿಕೋನ ಸಿಗಲು ನಾನು ಪಟ್ಟ ಪಾಡು ದೇವರಿಗೇ ಗೊತ್ತು. ಸಿಕ್ಕಿತು. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತೋರಿಸಿದೆ.

ಅತ್ತಿಗೆ ಬಹಳ ಹೊತ್ತು ನೋಡಿದರು. “ಇನ್ನರ್ಧ ಮುಖ ಎಲ್ಲಿ?” ಎಂದರು.

“ಅತ್ತಿಗೆ, ಅದು ನೆರಳಲ್ಲಿದೆ. ಹಾಲೆಂಡಿನ ರೆಂಬ್ರಾಂಟ್ ಅಂತ ಮಹಾ ಕಲಾವಿದ…”

“ಅವಲಕ್ಕಿ ಸರಾನೂ ನೆರಳಲ್ಲೇ ಹೋಯ್ತಲ್ಲೋ! ಕರೆಂಟ್ ಹೋದಾಗ ತೆಗ್ದಿದ್ದಾ? ಹೇಳಿದ್ರೆ ನಾಳೆ ಬರ್ತಿದ್ದೆ.”

ಅಣ್ಣ ನಡುವೆ ಬಾಯಿ ಹಾಕಿ, ಅರ್ಧ ಮುಖಕ್ಕೆ ಅರ್ಧ ದುಡ್ಡು ತಾನೇ ಎಂದ. ಸಂಜೆಗೆ ಗಣಿತ ವಿಭಾಗದ ವರದಿ ಬಂತು: ರೆಂಬ್ರಾಂಟ್ 1656ರಲ್ಲಿ ದಿವಾಳಿಯಾದ, ಮನೆ, ಸಾಮಾನು ಎಲ್ಲ ಹರಾಜಾಯಿತು. “ಅವನ ಬೆಳಕಿನ ಜೊತೆ ಬೇರೆ ಏನನ್ನೂ ತರಬೇಡಿ” ಎಂದಳು.

ಎರಡನೆಯ ಬಲಿ ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಪ್ಪ. ಎಂಬತ್ತು ದಾಟಿದ ಅಡಿಕೆ ಬೆಳೆಗಾರರು. ಮುಖದ ತುಂಬ ಗೆರೆ, ಬಿಳಿ ಹುಬ್ಬು, ಚೂಪು ನೋಟ. ಇಂಥ ಮುಖಕ್ಕಾಗಿ ಕಾರ್ಷ್ ಕೆನಡಾದಿಂದ ವಿಮಾನ ಹತ್ತಿ ಬರುತ್ತಿದ್ದನೇನೋ. ಯೂಸುಫ್ ಕಾರ್ಷ್ ಎಂದರೆ 1941ರ ಡಿಸೆಂಬರಿನಲ್ಲಿ ಒಟ್ಟಾವಾದಲ್ಲಿ ಚರ್ಚಿಲ್ ಫೋಟೋ ತೆಗೆದವನು. ಚರ್ಚಿಲ್ ಭಾಷಣ ಮುಗಿಸಿ ಬಂದು ಸಿಗಾರ್ ಕಚ್ಚಿಕೊಂಡು ನಿಂತಿದ್ದ. ತೆಗೆ ಎಂದರೆ ತೆಗೆಯಲಿಲ್ಲ. ಕಾರ್ಷ್ ಹತ್ತಿರ ಹೋಗಿ, “ಕ್ಷಮಿಸಿ” ಎಂದು ಬಾಯಿಂದಲೇ ಅದನ್ನು ಕಿತ್ತುಕೊಂಡ. ಆ ಕ್ಷಣದ ಸಿಟ್ಟಿನ ಮುಖವೇ ಯುದ್ಧಕಾಲದ ಬ್ರಿಟನ್ನಿನ ಮುಖ ಎಂದು ಜಗತ್ತು ಕೊಂಡಾಡಿತು. ಭಾವಚಿತ್ರ ಕಲಿಯುವ ಪ್ರತಿಯೊಬ್ಬನಿಗೂ ಈ ಕಥೆಯನ್ನು ಹೇಳುತ್ತಾರೆ. ಕಿತ್ತುಕೊಂಡವನು ಕಾರ್ಷ್ ಆಗಿರಬೇಕು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ದೊಡ್ಡಪ್ಪ ಜಗಲಿಯ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತಿದ್ದರು. ಸಿಗಾರ್ ಬಾಯಿಯ ಹೊರಗಿರುತ್ತದೆ, ಎಲೆಅಡಿಕೆ ಒಳಗಿರುತ್ತದೆ. ಈ ಸಾಂಸ್ಕೃತಿಕ ಭಿನ್ನತೆಯ ಬಗ್ಗೆ ನಾನು ಸಾಕಷ್ಟು ಯೋಚಿಸಿರಲಿಲ್ಲ. ಕಿತ್ತುಕೊಳ್ಳಲು ಬೇರೇನೂ ಸಿಗದೆ ಅವರ ಕೈಯಲ್ಲಿದ್ದ ಸುಣ್ಣದ ಡಬ್ಬಿ ಕಿತ್ತುಕೊಂಡು, ಎರಡು ಹೆಜ್ಜೆ ಹಿಂದೆ ಹಾರಿ ಕ್ಯಾಮೆರಾ ಎತ್ತಿದೆ. ಸಿಟ್ಟು ಬಂತು. ನಾನು ನಿರೀಕ್ಷಿಸಿದ್ದಕ್ಕಿಂತ ಚೆನ್ನಾಗಿಯೇ ಬಂತು. ಆದರೆ ಚರ್ಚಿಲ್ ಬಾಯಿ ಮುಚ್ಚಿಕೊಂಡು ಸಿಟ್ಟಾದ. ನಮ್ಮ ದೊಡ್ಡಪ್ಪನಿಗೆ ಬಾಯಿ ಮುಚ್ಚಿಕೊಂಡು ಸಿಟ್ಟಾಗುವ ಅಭ್ಯಾಸವಿಲ್ಲ. “ಎಂತದಾ ನಿಂದು!” ಎಂಬ ಉದ್ಗಾರದ ಜೊತೆಗೆ ಬಾಯಲ್ಲಿದ್ದದ್ದೆಲ್ಲ ಲೆನ್ಸಿಗೆ ಬಂತು. ಮುಂದೆ ಕೂರಿಸಿದ್ದ ಗಾಜಿನ ಫಿಲ್ಟರ್ ಗಾಜನ್ನು ಕಾಪಾಡಿತು. ಹೊಸ ಲೆನ್ಸ್ ಕೊಂಡವರಿಗೆ ನನ್ನದೊಂದು ಸಲಹೆ: ಫಿಲ್ಟರ್ ಹಾಕಿ. ಅದು ಚಿತ್ರದ ಗುಣಮಟ್ಟ ಕೆಡಿಸುತ್ತದೆ ಎಂದು ವಾದಿಸುವವರಿದ್ದಾರೆ. ಅವರು ಮಲೆನಾಡಿನಲ್ಲಿ ಕೆಲಸ ಮಾಡಿದವರಲ್ಲ.

ಬಾಯಿ ತೊಳೆದುಕೊಂಡು ಬಂದ ದೊಡ್ಡಪ್ಪ ನನ್ನತ್ತ ನೋಡಲೂ ಒಪ್ಪದೆ ಕಿಟಕಿಯ ಕಡೆ ಮುಖ ತಿರುಗಿಸಿ ಕೂತರು. ಮಧ್ಯಾಹ್ನದ ಮೋಡ ಕವಿದ ಬೆಳಕು ಹಣೆಯ ಮೇಲೆ ಬಿದ್ದಿತ್ತು. ಮೆಲ್ಲಗೆ ಒಂದು ಕ್ಲಿಕ್ ಮಾಡಿಕೊಂಡೆ. ಮನೆಗೆ ಬಂದು ಕಪ್ಪು-ಬಿಳುಪು ಮಾಡಿದಾಗ ನನ್ನ ಕಣ್ಣನ್ನೇ ನಂಬಲಾಗಲಿಲ್ಲ. ಇದು ಕಲೆ! ರಾತ್ರಿ ಹತ್ತರ ಹೊತ್ತಿಗೆ ಕುಟುಂಬದ ವಾಟ್ಸಾಪ್ ಗುಂಪಿಗೂ ಸ್ಟೇಟಸ್ಸಿಗೂ ಏರಿಸಿದೆ. ಒಳ್ಳೆಯ ಚಿತ್ರಕ್ಕೆ ಒಂದು ಶೀರ್ಷಿಕೆ ಬೇಡವೆ? ‘ಬೆಳಕಿನೆಡೆಗೆ’ ಎಂದು ಬರೆದು ಮಲಗಿದೆ.

ಕನ್ನಡ ನಾಡಿನಲ್ಲಿ ಎಂಬತ್ತು ದಾಟಿದವರ ಕಪ್ಪು-ಬಿಳುಪು ಫೋಟೋ ರಾತ್ರಿ ಹೊತ್ತು ಬಂದರೆ ಅದಕ್ಕೆ ಒಂದೇ ಅರ್ಥ. ಬೆಳಗ್ಗೆ ಎದ್ದು ನೋಡುತ್ತೇನೆ, ಹುಬ್ಬಳ್ಳಿಯ ಷಡ್ಡಕ ‘ಓಂ ಶಾಂತಿ’ ಎಂದು ಚಾಲನೆ ಕೊಟ್ಟಿದ್ದಾರೆ. ಅವರ ಹಿಂದೆ ಇಡೀ ಬಳಗ ಸಾಲುಗಟ್ಟಿದೆ. ಆತ್ಮಕ್ಕೆ ಸದ್ಗತಿ ಸಿಗಲಿ. ತುಂಬಲಾರದ ನಷ್ಟ. ಹಳೆಯ ತಲೆಮಾರಿನ ಕೊನೆಯ ಕೊಂಡಿ. ಅಮೆರಿಕದ ಅಣ್ಣನ ಮಗ, ಕೊನೆಯ ಬಾರಿ ಬಂದಾಗ ತಾತ ಕೊಟ್ಟ ಕಷಾಯದ ನೆನಪನ್ನು ಇಂಗ್ಲಿಷಿನಲ್ಲಿ ದೀರ್ಘವಾಗಿ ಬರೆದಿದ್ದಾನೆ. ದೊಡ್ಡಪ್ಪನ ಜೊತೆ ಗಡಿ ಬೇಲಿಯ ವ್ಯಾಜ್ಯ ಇಟ್ಟುಕೊಂಡಿದ್ದ ಪಕ್ಕದ ತೋಟದವರೂ ‘ಅಜಾತಶತ್ರು’ ಎಂದಿದ್ದಾರೆ.

ಊರಿನ ಸೊಸೈಟಿಯಿಂದ ಒಬ್ಬರು ವಿಷಯ ಖಚಿತ ಮಾಡಿಕೊಳ್ಳಲು ದೊಡ್ಡಪ್ಪನ ಮನೆಗೇ ಫೋನ್ ಮಾಡಿದ್ದರು. ಎತ್ತಿದ್ದು ದೊಡ್ಡಪ್ಪನೇ. ಆ ಸಂಭಾಷಣೆಯನ್ನು ಅವರು ಮುಂದೆ ಬಂದವರಿಗೆಲ್ಲ ಅಭಿನಯಿಸಿ ತೋರಿಸಿದ್ದರಿಂದ ನನಗೆ ಅಕ್ಷರಶಃ ಗೊತ್ತಿದೆ.

“ಯಾವಾಗ ಹೋದ್ರು?”

“ಯಾರು?”

“ಯಜಮಾನ್ರು.”

“ಎಲ್ಲಿಗೂ ಹೋಗ್ಲಿಲ್ಲ ಮಾರಾಯ. ಸೊಂಟ ನೋವು, ಮನೇಲೇ ಇದೀನಿ.”

ಆ ಕಡೆ ಫೋನ್ ಕೆಳಗೆ ಬಿದ್ದ ಸದ್ದಾಯಿತಂತೆ. ಸೊಸೈಟಿಯಲ್ಲಿ ಅಷ್ಟರೊಳಗೆ ಮೌನಾಚರಣೆ ಮುಗಿದು ಅರ್ಧ ದಿನದ ರಜೆಯೂ ಘೋಷಣೆಯಾಗಿತ್ತು. ರಜೆ ಹಿಂತೆಗೆದುಕೊಂಡಾಗ ಸಿಬ್ಬಂದಿಗೆ ಆದ ದುಃಖ ಮೊದಲಿನದ್ದಕ್ಕಿಂತ ಪ್ರಾಮಾಣಿಕವಾಗಿತ್ತೆಂದು ಕೇಳಿದೆ.

ಬೈಗುಳ ತಿನ್ನಲು ಸಿದ್ಧನಾಗಿ ಹೋದೆ. ದೊಡ್ಡಪ್ಪ ಉಲ್ಲಾಸದಲ್ಲಿದ್ದರು. ಹಳೆಯ ಡೈರಿಯೊಂದರಲ್ಲಿ ಯಾರು ಯಾರು ಫೋನ್ ಮಾಡಿದರು, ಯಾರು ಮಾಡಲಿಲ್ಲ ಎಂದು ಎರಡು ಪಟ್ಟಿ ಬರೆದಿಟ್ಟಿದ್ದರು. ಎರಡನೆಯ ಪಟ್ಟಿಯ ಕೆಲವು ಹೆಸರುಗಳ ಕೆಳಗೆ ಗೆರೆ ಎಳೆದಿದ್ದರು. “ಇದೆಲ್ಲ ಮೊದಲೇ ಗೊತ್ತಾಗೋ ಭಾಗ್ಯ ಯಾರಿಗುಂಟು?” ಎಂದರು. ಆಮೇಲೆ ದನಿ ತಗ್ಗಿಸಿ ವ್ಯವಹಾರದ ಮಾತಿಗೆ ಬಂದರು.

“ನೋಡು, ನಾನು ಹೋದ ಮೇಲೆ ಇವರು ಫೋಟೋಕ್ಕೆ ಹುಡುಕಾಡ್ತಾರೆ. ಸಿಗೋದಿಲ್ಲ. ಯಾವುದೋ ಮದುವೆ ಗ್ರೂಪ್ ಫೋಟೋದಿಂದ ನನ್ನ ತಲೆ ಕತ್ತರಿಸಿ ದೊಡ್ಡದು ಮಾಡಿಸ್ತಾರೆ. ಆ ಕೆಳಮನೆಯವನ ಭುಜದ ಮೇಲೆ ಯಾರದೋ ಕೈ ಉಂಟಲ್ಲ, ಹಾಗೆ. ಅದು ಬೇಡ. ಈಗ್ಲೇ ಒಂದು ಸರಿ ಫೋಟೋ ತೆಗ್ದಿಡು. ದುಡ್ಡು ನಾನೇ ಕೊಡ್ತೇನೆ.”

ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮ ಮನೆಗಳ ಗೋಡೆಗಳಲ್ಲಿ ಹಾರ ಹಾಕಿಸಿಕೊಂಡ ಹಿರಿಯರನ್ನು ಗಮನಿಸಿ ನೋಡಿ. ಒಬ್ಬರ ಕಿವಿಯ ಪಕ್ಕ ಬೇರೆಯವರ ಸೀರೆಯ ಸೆರಗು ಇರುತ್ತದೆ. ಇನ್ನೊಬ್ಬರು ಎಂದೂ ತೊಡದ ಕೋಟು ತೊಟ್ಟಿರುತ್ತಾರೆ. ಅದನ್ನು ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ತೊಡಿಸಿದ್ದು. ಬದುಕಿದ್ದಾಗ ಗಡ್ಡ ಬಿಟ್ಟಿದ್ದವರು ಗೋಡೆಯಲ್ಲಿ ಇಪ್ಪತ್ತೈದರ ಹರೆಯದಲ್ಲಿ ನಗುತ್ತಿರುತ್ತಾರೆ, ಯಾಕೆಂದರೆ ಆಮೇಲೆ ಯಾರೂ ಅವರ ಫೋಟೋ ತೆಗೆದಿರುವುದಿಲ್ಲ. ಮೊಬೈಲಿನಲ್ಲಿ ಸಾವಿರಾರು ಚಿತ್ರ ತುಂಬಿರುವ ಈ ಕಾಲದಲ್ಲೂ ಪರಿಸ್ಥಿತಿ ಸುಧಾರಿಸಿಲ್ಲ. ಅವುಗಳಲ್ಲಿ ಹೋಳಿಗೆ ಇರುತ್ತದೆ, ಜೋಗ ಇರುತ್ತದೆ, ಅಪ್ಪ ಇರುವುದಿಲ್ಲ.

ದೊಡ್ಡಪ್ಪನ ಷರತ್ತುಗಳು ಸ್ಪಷ್ಟವಾಗಿದ್ದವು. ಬಣ್ಣದ್ದಾಗಬೇಕು. ಶಾಲು ಕಾಣಬೇಕು. ಎರಡೂ ಕಿವಿ ಕಾಣಬೇಕು. ಸುಣ್ಣದ ಡಬ್ಬಿ ಮುಟ್ಟಕೂಡದು. ನೆಟ್ಟಗೆ ಕೂತು, ಭೂನ್ಯಾಯಮಂಡಳಿಯ ಮುಂದೆ ಹೇಳಿಕೆ ಕೊಡುವವರಂತೆ ಕ್ಯಾಮೆರಾವನ್ನು ನೋಡಿದರು. ಬೆಳಕಿನ ತ್ರಿಕೋನವಿಲ್ಲ, ನೆರಳಿಲ್ಲ, ಶೀರ್ಷಿಕೆಯಿಲ್ಲ. ಹಟಕ್ಕೆ ಹೇಳುತ್ತಿಲ್ಲ, ನಾನು ತೆಗೆದ ಭಾವಚಿತ್ರಗಳಲ್ಲಿ ಅದೇ ಎಲ್ಲಕ್ಕಿಂತ ಚೆನ್ನಾಗಿದೆ. ಫ್ರೇಮು ಹಾಕಿಸಿ, ಪತ್ರಿಕೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದಾರೆ. ಬಂದ ನೆಂಟರಿಗೆ ಆಗಾಗ ಇಳಿಸಿ ತೋರಿಸುತ್ತಾರೆ. ಸುದ್ದಿ ಹಬ್ಬಿ ಅವರ ಓರಗೆಯವರೂ ಒಬ್ಬೊಬ್ಬರಾಗಿ ಬರಲು ಶುರುಮಾಡಿದರು. ಫೈನ್ ಆರ್ಟ್ ಭಾವಚಿತ್ರಕಾರನಾಗಿ ನನ್ನ ವೃತ್ತಿ ಆರಂಭವಾದದ್ದು ಹೀಗೆ, ಹಾರದ ಮುಂಗಡ ಬುಕಿಂಗ್‌ನಿಂದ.

ಮದುವೆಯ ಫೋಟೋಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ. ಡ್ರೋನ್ ಹಾರಿಸುವ ಹುಡುಗರ ನಡುವೆ ನುಗ್ಗಲು ಮೊಣಕೈ ಗಟ್ಟಿಯಿರಬೇಕು. ಆದರೆ ವಧುಪರೀಕ್ಷೆಯ ಫೋಟೋ ಬರತೊಡಗಿತು, ಅದರದ್ದೇ ಬೇರೆ ಪುರಾಣ. ಒಬ್ಬ ತಂದೆ ಮಗಳನ್ನು ಕರೆತಂದು, “ಒಂದೆರಡು ಪಾಯಿಂಟ್ ಬೆಳ್ಳಗೆ ಮಾಡಿ ಸಾರ್” ಎಂದರು. ನಾನು ಉಪನ್ಯಾಸ ತೆಗೆದೆ. ಕ್ಯಾಮೆರಾ ಎಂದೂ ನಮ್ಮ ಬಣ್ಣದ ಪರವಾಗಿರಲಿಲ್ಲ, ಫಿಲ್ಮ್ ಕಾಲದಲ್ಲಿ ಬಣ್ಣ ಹೊಂದಿಸಿಕೊಳ್ಳಲೆಂದು ಕೊಡಕ್ ಕಂಪನಿ ಲ್ಯಾಬುಗಳಿಗೆ ಕಳಿಸುತ್ತಿದ್ದ ಮಾದರಿ ಕಾರ್ಡಿನಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಹೆಂಗಸಿನ ಮುಖ, ಕಂದು ಬಣ್ಣ ಸರಿಯಾಗಿ ಮೂಡುತ್ತಿಲ್ಲ ಎಂದು ದೂರಿದವರಲ್ಲಿ ಚಾಕೊಲೇಟ್ ಮತ್ತು ಮರದ ಪೀಠೋಪಕರಣ ತಯಾರಕರೂ ಇದ್ದರು, ಮನುಷ್ಯರ ಮಾತಿಗಿಂತ ಮೇಜಿನ ಮಾತು ಹೆಚ್ಚು ನಡೆಯಿತು, ಇತ್ಯಾದಿ. ತಂದೆ ವಿನಯದಿಂದ ಪೂರ್ತಿ ಕೇಳಿದರು. “ಹೌದು ಸಾರ್, ಅನ್ಯಾಯ. ಒಂದೇ ಪಾಯಿಂಟ್ ಮಾಡಿ ಸಾಕು” ಎಂದರು.

ನನ್ನ ಉಪನ್ಯಾಸದಿಂದಾಗದ ಕೆಲಸವನ್ನು ಆ ಹುಡುಗಿ ಮುಗಿಸಿದಳು. “ಅಪ್ಪಾ, ಹುಡುಗ ನೋಡೋಕೆ ಬಂದಾಗ ಆ ಬಣ್ಣ ಎಲ್ಲಿಂದ ತರ್ತೀಯ?” ಇದ್ದ ಹಾಗೆಯೇ ತೆಗೆದೆ. ಹಿಂದಿನ ರಾತ್ರಿ ಓದಿದ್ದನ್ನು ಇನ್ನೊಬ್ಬರ ಮುಂದೆ ಹರಡುವ ಚಟ ನನಗೆ ಅಂದಿನಿಂದ ಕೊಂಚ ಕಡಿಮೆಯಾಗಿದೆ.

ಇಷ್ಟಾದರೂ ‘ಫೈನ್ ಆರ್ಟ್’ ಬೋರ್ಡಿಗೆ ನ್ಯಾಯ ಒದಗಿಸಬೇಕಲ್ಲ. ಆಂಡ್ರಿಯಾಸ್ ಗುರ್ಸ್ಕಿ ಎಂಬ ಜರ್ಮನ್ ಛಾಯಾಗ್ರಾಹಕ ರೈನ್ ನದಿಯ ಒಂದು ಚಿತ್ರ ತೆಗೆದ. ಬೂದು ಆಕಾಶ, ಹಸಿರು ಹುಲ್ಲು, ಅಡ್ಡಕ್ಕೆ ಹರಿಯುವ ಬೂದು ನೀರು. ಅಷ್ಟೇ. ಇದ್ದ ಕಟ್ಟಡವನ್ನೂ ಕಂಪ್ಯೂಟರಿನಲ್ಲಿ ಅಳಿಸಿ ಹಾಕಿದ್ದ. 2011ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದು 43 ಲಕ್ಷ ಡಾಲರಿಗೂ ಹೆಚ್ಚಿಗೆ ಹೋಯಿತು. 2022ರಲ್ಲಿ ಮ್ಯಾನ್ ರೇ 1924ರಲ್ಲಿ ತೆಗೆದಿದ್ದ ಹೆಂಗಸೊಬ್ಬಳ ಚಿತ್ರ 1.24 ಕೋಟಿ ಡಾಲರ್ ಗಳಿಸಿ ಆ ದಾಖಲೆಯನ್ನು ಬಹಳ ಹಿಂದೆ ಹಾಕಿತು. ಅದರಲ್ಲಿ ಕಾಣುವುದು ಅವಳ ಬೆನ್ನು. ನನ್ನ ಗಿರಾಕಿಗಳು ಎರಡೂ ಕಿವಿ ಕೇಳುತ್ತಾರೆ.

ಬೆನ್ನಿನ ಯೋಜನೆಗೆ ಮನೆಯಲ್ಲಿ ಅನುಮತಿ ಸಿಗುವ ಸಂಭವವಿರಲಿಲ್ಲ. ಹೊಳೆಗೇನೂ ಅಡ್ಡಿಯಿಲ್ಲ. ಬೇಸಿಗೆಯ ಒಂದು ಮಂಕು ಬೆಳಗ್ಗೆ ತುಂಗೆಯನ್ನು ತೆಗೆದೆ: ಬೂದು ಆಕಾಶ, ಮರಳು, ಬೂದು ನೀರು. ಬಟ್ಟೆ ಒಗೆಯುತ್ತಿದ್ದವರನ್ನು ಅಳಿಸಿದೆ. ಎಮ್ಮೆಗಳನ್ನು ಅಳಿಸಿದೆ. ಸೇತುವೆಯನ್ನೂ ಅಳಿಸಿದೆ. ಬೆಂಗಳೂರಿನಲ್ಲಿ ಹತ್ತಿಯ ಕಾಗದದ ಮೇಲೆ, ತಲೆಮಾರುಗಟ್ಟಲೆ ಮಾಸದ ಶಾಯಿಯಲ್ಲಿ ಬಾಗಿಲಗಲದ ಪ್ರಿಂಟ್ ಹಾಕಿಸಿದೆ. ಕಲಾಚಿತ್ರವನ್ನು ಲೆಕ್ಕವಿಲ್ಲದಷ್ಟು ಮುದ್ರಿಸಬಾರದು. ಇಷ್ಟೇ ಪ್ರತಿ ಎಂದು ಮೊದಲೇ ಘೋಷಿಸಿ, ಮೂಲೆಯಲ್ಲಿ ಪೆನ್ಸಿಲಿನಿಂದ ಸಂಖ್ಯೆ ಬರೆದು ಸಹಿ ಮಾಡಬೇಕು. ನಾನು ಹತ್ತು ಎಂದು ಘೋಷಿಸಿ, ಮೊದಲನೆಯದರ ಮೇಲೆ 1/10 ಎಂದು ಬರೆದು ಬಾಡಿಗೆ ಸಭಾಂಗಣವೊಂದರಲ್ಲಿ ಪ್ರದರ್ಶನಕ್ಕಿಟ್ಟೆ.

ಜನ ಬಂದರು. ಉದ್ಘಾಟಕರು ಚಿತ್ರಗಳಿಗೆ ಬೆನ್ನು ಹಾಕಿ ನಿಂತು ಎಲ್ಲರ ಜೊತೆ ಸೆಲ್ಫಿ ತೆಗೆಸಿಕೊಂಡರು. ನಿವೃತ್ತ ಮೇಷ್ಟ್ರೊಬ್ಬರು ತುಂಗೆಯ ಮುಂದೆ ಕನ್ನಡಕ ಸರಿಮಾಡಿಕೊಂಡು ಬಗ್ಗಿ, “ಹತ್ತಕ್ಕೆ ಒಂದೇ ಮಾರ್ಕ್ಸ್ ಕೊಟ್ಟಿದ್ದಾರಲ್ಲಪ್ಪ, ಯಾರು ವ್ಯಾಲ್ಯುಯೇಷನ್ ಮಾಡಿದ್ದು?” ಎಂದು ಕನಿಕರದಿಂದ ವಿಚಾರಿಸಿದರು. ನೂರು ವರ್ಷವಾದರೂ ಬಣ್ಣ ಮಾಸುವುದಿಲ್ಲ ಎಂದು ನಾನು ಹೆಮ್ಮೆಯಿಂದ ಹೇಳಿದಾಗ ಒಬ್ಬ ಹೆಂಗಸು ಗಂಡನ ಕಿವಿಯಲ್ಲಿ, “ಅಲ್ಲೀವರೆಗೂ ಇದನ್ನೇ ನೋಡ್ಬೇಕಾ?” ಎಂದದ್ದು ನನಗೂ ಕೇಳಿಸಿತು. ಎಲ್ಲರಿಗೂ ಮೆಚ್ಚುಗೆಯಾದದ್ದು ಒಂದೇ: “ಫ್ರೇಮು ಎಲ್ಲಿ ಹಾಕಿಸಿದ್ರಿ?” ಪ್ರದರ್ಶನ ಮುಗಿಯುವಷ್ಟರಲ್ಲಿ ಫ್ರೇಮಿನ ಅಂಗಡಿಯವನಿಗೆ ಒಳ್ಳೆಯ ವ್ಯಾಪಾರವಾಗಿತ್ತು. ಅವನು ಕೃತಜ್ಞತೆಯಿಂದ ಮುಂದಿನ ಪ್ರದರ್ಶನ ಯಾವಾಗ ಎಂದು ಈಗಲೂ ಕೇಳುತ್ತಿರುತ್ತಾನೆ.

ಅಂತರರಾಷ್ಟ್ರೀಯ ಸಲೋನ್ ಸ್ಪರ್ಧೆಗಳಿಗೂ ಕಳಿಸಿದೆ. ಚಿತ್ರಗಳು ಆಯ್ಕೆಯಾಗುತ್ತ ಹೋದರೆ ಹೆಸರಿನ ಮುಂದೆ ಪದವಿಯ ಅಕ್ಷರಗಳು ಸೇರುತ್ತವೆ. ನಮ್ಮ ರಾಜ್ಯದಲ್ಲಿ ಹಾಗೆ ಅಕ್ಷರಗಳನ್ನು ಗಳಿಸಿದವರು ಬಹಳ ಜನ, ಯೋಗ್ಯರೂ ಹೌದು. ನನ್ನ ಹೆಸರು ಇನ್ನೂ ಚಿಕ್ಕದಾಗಿಯೇ ಇದೆ.

ಪಕ್ಕದ ಬೀದಿಯಲ್ಲಿ ಒಬ್ಬ ಹಿರಿಯರ ಸ್ಟುಡಿಯೋ ಇದೆ. ಅರಮನೆಯ ಮೆಟ್ಟಿಲು ಬರೆದ ಪರದೆ ಅಲ್ಲಿ ಇನ್ನೂ ತೂಗುತ್ತದೆ. ಗೂಟಕ್ಕೆ ಒಂದು ಕೋಟು, ಗಂಟು ಹಾಕಿಯೇ ಇಟ್ಟ ಟೈ, ಕನ್ನಡಿ, ಬಾಚಣಿಗೆ, ಪೌಡರ್ ಡಬ್ಬಿ. ಯಾರ ಮೈಗೂ ಆಗಲೆಂದು ಕೋಟಿನ ಬೆನ್ನು ಸೀಳಿದೆ. ಫಿಲ್ಮ್ ಕಾಲದಲ್ಲಿ ನೆಗೆಟಿವ್ ಮೇಲೆ ಸೀಸದ ಕಡ್ಡಿ ಆಡಿಸಿ ಸಿಡುಬಿನ ಕಲೆ ಅಳಿಸುತ್ತಿದ್ದ ಕೈ ಅವರದ್ದು. ಒಂದು ದಿನ ಬಂದು ನನ್ನ ಕೆಲಸವನ್ನು ಸುಮ್ಮನೆ ನೋಡುತ್ತ ಕೂತರು. ನಾನು ಒಬ್ಬ ರೈತರನ್ನು ಕೂರಿಸಿ, ದೀಪ ಸರಿಸಿ, ಮೀಟರ್ ಹಿಡಿದು, ಪರದೆ ಎಳೆದು ಮುಗಿಸುವಷ್ಟರಲ್ಲಿ ಅವರ ಮುಖ ಮರಗಟ್ಟಿತ್ತು. ಹಿರಿಯರು ಎದ್ದು ಬಂದು, “ಯಾವೂರು ನಿಮ್ದು? ಮಳೆ ಹೇಗೆ? ಕೊಳೆ ರೋಗ ಬಂತಾ ತೋಟಕ್ಕೆ?” ಎಂದರು. ರೈತರ ಹುಬ್ಬು ಸಡಿಲಾಯಿತು, ಕಣ್ಣಿಗೆ ಜೀವ ಬಂತು, ಬೋರ್ಡೋ ಮಿಶ್ರಣದ ಬೆಲೆಯ ಬಗ್ಗೆ ಮಾತಾಡುತ್ತ ಮುಂದಕ್ಕೆ ಬಾಗಿದರು. ಹಿರಿಯರು ಬೆನ್ನ ಹಿಂದೆ ಕೈ ಮಾಡಿ, ಒತ್ತು ಎಂದು ನನಗೆ ಸನ್ನೆ ಮಾಡಿದರು. ಒತ್ತಿದೆ.

“ಸಾಮಾನೆಲ್ಲ ಚೆನ್ನಾಗಿದೆ” ಎಂದರು ಹೋಗುವಾಗ. “ನೀವು ಕ್ಯಾಮೆರಾ ಹಿಂದೆ ಸ್ವಲ್ಪ ಜಾಸ್ತಿ ಹೊತ್ತು ಇರ್ತೀರಿ, ಅಷ್ಟೇ.”

ಈಗ ಬೋರ್ಡ್ ಬದಲಾಗಿದೆ. ‘ಪಾಸ್‌ಪೋರ್ಟ್ ಸೈಜ್ ಫೋಟೋ, ಹಿರಿಯರ ಭಾವಚಿತ್ರ, ಜೆರಾಕ್ಸ್’ ಎಂದಿದೆ. ಜೆರಾಕ್ಸ್ ಯಂತ್ರ ಹೆಂಡತಿಯ ಸಲಹೆ. ಮನೆಯ ಖರ್ಚು ನಡೆಯುವುದು ಅದರಿಂದ. ತಮಾಷೆಯೆಂದರೆ ದೊಡ್ಡವರ ಪಾಸ್‌ಪೋರ್ಟ್‌ಗೆ ಪಾಸ್‌ಪೋರ್ಟ್ ಸೈಜ್ ಫೋಟೋ ಬೇಕಾಗಿಲ್ಲ, ಸೇವಾ ಕೇಂದ್ರದಲ್ಲಿ ಅವರೇ ತೆಗೆಯುತ್ತಾರೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಇಲ್ಲಿಂದ ಒಯ್ಯಬೇಕು. ಉಳಿದಂತೆ ಬ್ಯಾಂಕು, ಪರೀಕ್ಷೆ, ಸೊಸೈಟಿ ಎಲ್ಲ ಕಡೆಗೂ ಅದು ಬೇಕು. ಅಳತೆ 35ಕ್ಕೆ 45 ಮಿಲಿಮೀಟರ್, ಮುಖ ನೇರ, ಎರಡೂ ಕಿವಿ, ಎಲ್ಲೂ ನೆರಳಿಲ್ಲ. ರೆಂಬ್ರಾಂಟ್ ಬಂದಿದ್ದರೆ ಅರ್ಜಿ ತಿರಸ್ಕೃತವಾಗುತ್ತಿತ್ತು.

ಬರುವವರು ದಯವಿಟ್ಟು ಗಮನಿಸಿ. ಅಮೆರಿಕದ ವೀಸಾಕ್ಕೆ ಎರಡಿಂಚು ಚೌಕದ ಫೋಟೋ. 2016ರ ನವೆಂಬರಿನಿಂದ ಅದಕ್ಕೆ ಕನ್ನಡಕ ಹಾಕಿಕೊಳ್ಳುವಂತಿಲ್ಲ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕರೆತನ್ನಿ, ಎಲೆಅಡಿಕೆ ಉಗುಳಿಸಿ ಕರೆತನ್ನಿ. ತುಂಗೆಯ ಹತ್ತೂ ಪ್ರತಿಗಳು ಲಭ್ಯವಿವೆ. ಬಿಳಿ ಅಂಗಿ ಮಾತ್ರ ಬೇಡ. ಹಿಂದಿನ ಪರದೆಯೂ ಬಿಳಿ, ಬರೀ ತಲೆ ಬರುತ್ತದೆ.